ಎರಡು ನಿಮಿಷದ ವಿಮಾನ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಅಲ್ಲಿನ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇ ದ್ವೀಪಕ್ಕೆ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಹಾರಾಟಕ್ಕೆ ಎರಡೇ ನಿಮಿಷ. ಗಾಳಿ ಅನುಕೂಲವಾಗಿದ್ದರೆ ಅಷ್ಟೂ ಬೇಡ. 53 ಸೆಕೆಂಡಿನ ದಾಖಲೆಯಿದೆ. ವೇಳಾಪಟ್ಟಿಯಂತೆ ನಡೆಯುವ ವಿಮಾನಸೇವೆಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕ ಹಾರಾಟ ಇದು. 1967ರಿಂದ ಲೋಗನ್‌ಏರ್ ಸಂಸ್ಥೆ ಇದನ್ನು ನಡೆಸುತ್ತ ಬಂದಿದೆ. ವಿಮಾನವೂ ಪುಟ್ಟದು, ಎಂಟು ಮಂದಿ ಹತ್ತಿದರೆ ಭರ್ತಿ. ಜಾಗವಿದ್ದರೆ ಪೈಲಟ್ ಪಕ್ಕದಲ್ಲೇ ಕೂರಬಹುದು.

ಪಾಪಾ ವೆಸ್ಟ್ರೇಯಲ್ಲಿ ಇರುವವರು ನೂರರ ಒಳಗೆ. ಈ ವಿಮಾನದಲ್ಲಿ ಓಡಾಡುವವರು ಶಿಕ್ಷಕರು, ವೈದ್ಯರು, ರೋಗಿಗಳು, ಶಾಲಾಮಕ್ಕಳು. ಐದು ಸಾವಿರ ವರ್ಷಗಳಿಗೂ ಹಳೆಯದಾದ ಅಲ್ಲಿನ ಕಲ್ಲಿನ ಮನೆಯನ್ನು ನೋಡಲು ಬರುವವರೂ ಇದ್ದಾರೆ. ಟಿಕೆಟ್ ಹಣವೊಂದರಿಂದಲೇ ಇಂಥ ಮಾರ್ಗ ನಡೆಯುವುದು ಸಾಧ್ಯವಿಲ್ಲ. ಅಲ್ಲಿನ ಸ್ಥಳೀಯ ಆಡಳಿತ ಇದನ್ನು ಸಾರ್ವಜನಿಕ ಸೇವೆಯೆಂದು ಪರಿಗಣಿಸಿ ಹಣ ಕೊಡುತ್ತದೆ. ನಡುವೆ ಇರುವುದು ಉತ್ತರದ ಒರಟು ಕಡಲು. ಅಲೆ ಎದ್ದ ದಿನ ದೋಣಿ ಹೊರಡದಿದ್ದರೆ ಇಷ್ಟು ಚಿಕ್ಕ ದೂರ ದಾಟುವುದಕ್ಕೂ ಬೇರೆ ದಾರಿಯಿಲ್ಲ. ದೂರವನ್ನು ಅಲ್ಲಿನ ಆಡಳಿತ ಅಳೆದದ್ದು ಕಿಲೋಮೀಟರಿನಲ್ಲಲ್ಲ, ದಾಟುವ ಕಷ್ಟದಲ್ಲಿ. ಇದು ಸರಿಯಾದ ಅಳತೆ ಎಂದೇ ನನಗನ್ನಿಸುತ್ತದೆ.

ನಮ್ಮಲ್ಲೂ ಸಣ್ಣ ಊರುಗಳಿಗೆ ವಿಮಾನ ಒದಗಿಸಲೆಂದು ‘ಉಡಾನ್’ ಯೋಜನೆ ಬಂತು. ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿಯ ನಡುವೆ ಹಾರಿತು. ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂಬ ಮಿತಿಯನ್ನು ಒಂದಷ್ಟು ಸೀಟುಗಳಿಗೆ ಹಾಕಲಾಯಿತು. ಆದರೆ ನಷ್ಟ ತುಂಬಿಕೊಡುವ ನೆರವು ಸಿಕ್ಕಿದ್ದು ಮೂರು ವರ್ಷಕ್ಕೆ ಮಾತ್ರ. ಅದು ಮುಗಿದ ಮೇಲೆ ಎಷ್ಟೋ ಮಾರ್ಗಗಳು ನಿಂತುಹೋದವು.

ನಮ್ಮ ಬೀದರ್ ನೋಡಿ. ವಾಯುಪಡೆಯ ನೆಲೆಗೆ ಹೊಂದಿಕೊಂಡ ನಿಲ್ದಾಣದಿಂದ 2020ರಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು. ನಡುವೆ ನಿಂತಿತು, 2025ರಲ್ಲಿ ಮತ್ತೆ ಬಂತು. ನೇರ ದೂರ 500 ಕಿ.ಮೀ.ಗೂ ಹೆಚ್ಚು. ರೈಲಿನಲ್ಲಿ ಇಡೀ ರಾತ್ರಿ ಕಳೆಯುವ ಪ್ರಯಾಣ ವಿಮಾನದಲ್ಲಿ ಒಂದು ತಾಸಿನ ಆಸುಪಾಸು. ವಿಮಾನ ನಿಂತಿದ್ದಾಗ ಹೈದರಾಬಾದ್ ಹತ್ತಿರವಿದೆಯಲ್ಲ, ಅಲ್ಲಿಂದ ಹೋಗಲಿ ಎಂದು ಹೇಳುವುದು ಸುಲಭ. ಆದರೆ ಅದಕ್ಕೆ ಮೊದಲು ರಸ್ತೆಯಲ್ಲಿ ಎರಡು ಮೂರು ತಾಸು ಕಳೆಯಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ಚಿಕಿತ್ಸೆಗೆಂದು ಹೊರಟ ಮನೆಯವರಿಗೆ, ಮರುದಿನದ ಸಂದರ್ಶನಕ್ಕೆ ತಲುಪಬೇಕಾದ ಹುಡುಗಿಗೆ ಆ ತಾಸುಗಳು ಸಣ್ಣವಲ್ಲ. ತಮ್ಮದೇ ರಾಜ್ಯದ ರಾಜಧಾನಿಗೆ ಹೋಗಲು ಇನ್ನೊಂದು ರಾಜ್ಯದ ದಾರಿ ಹಿಡಿಯಬೇಕೆನ್ನುವುದು ನ್ಯಾಯವೂ ಅಲ್ಲ.

ಒಂದು ಮಾರ್ಗ ಇರಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಈಗ ಮುಂದೆ ಬರುವುದು ತುಂಬಿದ ಸೀಟುಗಳ ಲೆಕ್ಕ. ಬೀದರ್, ಕಲಬುರಗಿಯಂಥ ಊರುಗಳಿಂದ ವಿಮಾನ ಹತ್ತಿದವರಲ್ಲಿ ಚಿಕಿತ್ಸೆಗೆ ಹೊರಟವರೆಷ್ಟು, ಓದಿಗೆ ಹೊರಟವರೆಷ್ಟು ಎಂಬುದನ್ನೂ ರಾಜ್ಯ ಸರ್ಕಾರ ಕೇಳಿ ಬರೆದಿಡಲಿ. ನೆರವಿನ ಗಡುವು ಮುಗಿಯುವ ಮೊದಲೇ ಆ ಪಟ್ಟಿ ಹಿಡಿದು ಅದನ್ನು ಮುಂದುವರಿಸಲಿ.