ಜೊತೆಗೂಡಿ ಉಣ್ಣುವುದರ ಬರಕತ್

ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿ ಎಷ್ಟು ದಿನಗಳಾದವು? ನಮ್ಮಲ್ಲಿ ಹಲವರಿಗೆ ಈ ಪ್ರಶ್ನೆಗೆ ತಟ್ಟನೆ ಉತ್ತರಿಸಲು ಸಾಧ್ಯವಾಗದು. ಮಗ ಟ್ಯೂಷನ್ ಮುಗಿಸಿ ಬಂದು, ತಾನೇ ಬಡಿಸಿಕೊಂಡು ಮೊಬೈಲಿನ ಮುಂದೆ ಕೂರುತ್ತಾನೆ. ಮಗಳು ಹಸಿವಿಲ್ಲವೆಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ತಂದೆ ಅಂಗಡಿ ಮುಚ್ಚಿ ಬರುವಾಗ ರಾತ್ರಿ ಹತ್ತು ಗಂಟೆ. ಎಲ್ಲರಿಗೂ ಬಡಿಸಿಯಾದ ಬಳಿಕ ತಾಯಿ ಅಡುಗೆಮನೆಯ ಮೂಲೆಯಲ್ಲಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಒಬ್ಬಳೇ ಉಣ್ಣುತ್ತಾಳೆ. ಒಂದೇ ಒಲೆಯ ಅನ್ನ, ಆದರೆ ನಾಲ್ಕು ಊಟ!

ಪ್ರತ್ಯೇಕವಾಗಿ ಉಣ್ಣುವುದು ಪಾಪವಲ್ಲ. ಒಟ್ಟಾಗಿ ಉಂಡರೂ ಬೇರೆ ಬೇರೆಯಾಗಿ ಉಂಡರೂ ದೋಷವಿಲ್ಲವೆಂದು ಪವಿತ್ರ ಕುರ್‌ಆನ್ ಸ್ಪಷ್ಟಪಡಿಸಿದೆ (24:61). ಆದರೆ ದೋಷವಿಲ್ಲದಿರುವುದು ಬೇರೆ, ಬರಕತ್ ಇರುವುದು ಬೇರೆ. ಎಷ್ಟು ಉಂಡರೂ ಹೊಟ್ಟೆ ತುಂಬುತ್ತಿಲ್ಲವೆಂದು ಕೆಲವು ಸಹಾಬಿಗಳು ಪ್ರವಾದಿ(ಸ)ರಲ್ಲಿ ಹೇಳಿಕೊಂಡಾಗ, ನೀವು ಬೇರೆ ಬೇರೆಯಾಗಿ ಉಣ್ಣುತ್ತಿರಬಹುದಲ್ಲವೇ ಎಂದು ಅವರು ವಿಚಾರಿಸಿದರು. ಹೌದೆಂದಾಗ, ಒಟ್ಟುಗೂಡಿ ಅಲ್ಲಾಹನ ನಾಮ ಸ್ಮರಿಸಿ ಉಣ್ಣಿರಿ, ಅದರಲ್ಲಿ ನಿಮಗೆ ಬರಕತ್ ಉಂಟಾಗುವುದೆಂದು ತಿಳಿಸಿದರು. ಅಬೂದಾವೂದ್‌ನಲ್ಲಿರುವ ಈ ಹದೀಸ್ ನಮ್ಮ ಕಾಲದ ಮನೆಗಳಿಗೇ ಹೇಳಿದಂತಿದೆ. ಇಂದು ನಮ್ಮಲ್ಲಿ ಹೆಚ್ಚಿನವರ ಹೊಟ್ಟೆ ತುಂಬುತ್ತಿದೆ, ಮನಸ್ಸು ತುಂಬುತ್ತಿಲ್ಲ.

“ಒಟ್ಟಿಗೆ ಉಣ್ಣಬೇಕಾದರೆ ಏನಾದರೂ ವಿಶೇಷ ಮಾಡಬೇಕಲ್ಲ, ದಿನಾಲೂ ಅದು ಸಾಧ್ಯವೇ?” ಎಂದು ಕೆಲವು ಸಹೋದರಿಯರು ಕೇಳಬಹುದು. ಖಂಡಿತ ಬೇಕಾಗಿಲ್ಲ. ಒಮ್ಮೆ ಪ್ರವಾದಿ(ಸ)ರು ಜಾಬಿರ್(ರ)ರ ಕೈ ಹಿಡಿದು ಮನೆಗೆ ಕರೆತಂದರು. ರೊಟ್ಟಿಯ ತುಂಡುಗಳು ಬಂದವು. ನೆಂಚಿಕೊಳ್ಳಲು ಏನಿದೆಯೆಂದು ಕೇಳಿದಾಗ, ವಿನೆಗರ್ ಅಲ್ಲದೆ ಬೇರೇನೂ ಇಲ್ಲವೆಂದು ಮನೆಯವರು ಹೇಳಿದರು. ಅವರು ಮುಖ ಸಿಂಡರಿಸಲಿಲ್ಲ. ಅದನ್ನೇ ತರಿಸಿ, ಎಷ್ಟು ಒಳ್ಳೆಯ ವ್ಯಂಜನವೆಂದು ಹೊಗಳುತ್ತಾ ಉಂಡರು. ಪ್ರವಾದಿ(ಸ)ರು ಎಂದೂ ಆಹಾರಕ್ಕೆ ಕುಂದು ಹೇಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಮಧ್ಯಾಹ್ನದ ಅನ್ನಕ್ಕೆ ಎರಡು ಮೊಟ್ಟೆ ಒಡೆದು ಹಾಕಿದರೆ, ಗಂಜಿಯ ಜೊತೆ ಒಂದು ತುಂಡು ಒಣಮೀನು ಸುಟ್ಟರೆ ಅದೇ ಊಟ. ಇಬ್ಬರ ಅನ್ನ ಮೂವರಿಗೂ ಮೂವರ ಅನ್ನ ನಾಲ್ವರಿಗೂ ಸಾಕಾಗುವುದೆಂದು ಕಲಿಸಿದ ಧರ್ಮ ನಮ್ಮದು. ಕೊರತೆಯಿರುವುದು ಪಾತ್ರೆಯಲ್ಲಲ್ಲ, ಪಾತ್ರೆಯ ಸುತ್ತ ಕೂರುವವರಲ್ಲಿ.

ಇನ್ನು ಮಾತಿನ ವಿಷಯ. ಉಣ್ಣುವಾಗ ಮಾತಾಡಬಾರದೆಂದು ಮಕ್ಕಳ ಬಾಯಿ ಮುಚ್ಚಿಸುವ ಹಿರಿಯರಿದ್ದಾರೆ. ಆದರೆ ವಿನೆಗರಿನ ಈ ಹದೀಸನ್ನು ವಿವರಿಸುತ್ತಾ ಇಮಾಮ್ ನವವಿಯವರು, ಉಣ್ಣುವವರ ಮನಸ್ಸಿಗೆ ಹಿತವಾಗುವಂತೆ ಮಾತನಾಡುವುದು ಉತ್ತಮವೆಂದು ಬರೆದಿದ್ದಾರೆ. ಊಟದ ವೇಳೆ ಮೌನವಾಗಿರದೆ ಒಳ್ಳೆಯ ಮಾತುಗಳನ್ನೂ ಸಜ್ಜನರ ವೃತ್ತಾಂತಗಳನ್ನೂ ಆಡಬೇಕೆಂಬುದು ಇಮಾಮ್ ಗಝಾಲಿಯವರ ಉಪದೇಶ.

ಆದರೆ ಎಂತಹ ಮಾತು? ನೆರೆಮನೆಯ ಸೊಸೆಯ ದೂರು, ಸಂಬಂಧಿಕರ ಮದುವೆಯ ಕುಂದುಕೊರತೆ—ಇವೇ ನಮ್ಮ ಊಟದ ಮಾತುಗಳಾದರೆ ಎಚ್ಚರಗೊಳ್ಳಬೇಕು. ಪರನಿಂದೆಯನ್ನು ಕುರ್‌ಆನ್ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ (49:12). ಹಲಾಲ್ ಅನ್ನವನ್ನು ಮುಂದಿಟ್ಟುಕೊಂಡು ಅಂತಹ ಮಾಂಸವನ್ನು ಮಕ್ಕಳಿಗೆ ಬಡಿಸುವುದು ಎಂತಹ ದುರಂತ! ಹಾಗೆಯೇ ಅಂಕಪಟ್ಟಿಯ ವಿಚಾರಣೆ, ಖರ್ಚಿನ ಜಗಳಗಳನ್ನು ಊಟದ ಹೊತ್ತಿಗೆ ತರಬೇಡಿ. ಊಟ ಬಂತೆಂದರೆ ಬೈಗುಳ ಬಂತೆಂದು ಕಲಿತ ಮಗು ಹಸಿವಿಲ್ಲವೆಂದು ಹೇಳದೆ ಇನ್ನೇನು ಹೇಳೀತು?

ಉಮರ್ ಬಿನ್ ಅಬೀಸಲಮಾ(ರ)ರು ಪ್ರವಾದಿ(ಸ)ರ ಆಶ್ರಯದಲ್ಲಿ ಬೆಳೆದ ಬಾಲಕ. ಒಂದೇ ತಟ್ಟೆಯಲ್ಲಿ ಉಣ್ಣುವಾಗ ಅವರ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿ(ಸ)ರು ಗದರಲಿಲ್ಲ. ಅಲ್ಲಾಹನ ಹೆಸರು ಹೇಳು, ಬಲಗೈಯಿಂದ ಉಣ್ಣು, ನಿನ್ನ ಹತ್ತಿರದಿಂದ ಉಣ್ಣು ಎಂದು ಮೃದುವಾಗಿ ಮೂರು ಮಾತು ಹೇಳಿದರು. ಮುಂದೆ ಜೀವನಪರ್ಯಂತ ತಾನು ಹಾಗೆಯೇ ಉಣ್ಣುತ್ತಿದ್ದೆನೆಂದು ಅವರು ಸ್ಮರಿಸಿದ್ದಾರೆ. ಜೊತೆಯಲ್ಲಿ ಕುಳಿತವರ ಮಾತಿಗೆ ಅಷ್ಟು ಬೆಲೆ!

ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ. ಆಯಿಶಾ(ರ)ರು ಹನ್ನೊಂದು ಸ್ತ್ರೀಯರ ದೀರ್ಘ ಕಥೆಯೊಂದನ್ನು ಹೇಳಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಒಂದು ಸಮುದಾಯದ ಹೊಣೆ ಹೊತ್ತಿದ್ದ ಪ್ರವಾದಿ(ಸ)ರು ಅದನ್ನು ಕೊನೆಯವರೆಗೂ ಕೇಳಿ, ಪ್ರೀತಿಯ ಮಾತೊಂದನ್ನಾಡಿದರು. ನಮಗೆ ಮಡದಿಯ ಎರಡು ಮಾತು, ಮಗುವಿನ ಶಾಲೆಯ ಒಂದು ಕಥೆ ಕೇಳಲು ಪುರುಸೊತ್ತಿಲ್ಲವೇ? “ಇಂದು ಯಾರಿಗೆ ಸಹಾಯ ಮಾಡಿದೆ? ಯಾವುದರಿಂದ ನಿನಗೆ ಬೇಸರವಾಯಿತು?” ಎಂದು ಕೇಳಿ ನೋಡಿ. ಇಂದು ಪೆನ್ಸಿಲ್ ಕಳೆದುಹೋದ ದುಃಖವನ್ನು ಕೇಳಿಸಿಕೊಂಡ ತಂದೆಯ ಬಳಿಗೇ ನಾಳೆ ಆ ಮಗ ದೊಡ್ಡ ಸಂಕಟವನ್ನೂ ತಂದಾನು. ಕೇಳುವವರು ಮನೆಯಲ್ಲಿಲ್ಲದಿದ್ದರೆ ಹೊರಗೆ ಹುಡುಕುತ್ತಾನೆ. ಅಲ್ಲಿ ಸಿಗುವವರು ಎಂತಹವರೆಂದು ಯಾರು ಬಲ್ಲರು?

ಮನೆಯ ಯಜಮಾನರಲ್ಲಿ ಒಂದು ವಿಶೇಷ ವಿನಂತಿ. ಪತ್ನಿಯ ಬಾಯಿಗೆ ಇಡುವ ತುತ್ತಿಗೂ ಪ್ರತಿಫಲವಿದೆಯೆಂದು ಪ್ರವಾದಿ(ಸ)ರು ಸಅದ್ ಬಿನ್ ಅಬೀವಕ್ಕಾಸ್(ರ)ರಿಗೆ ತಿಳಿಸಿದ್ದರು. ಹೀಗಿರುವಾಗ ಬೇಯಿಸಿದವಳು ಕೊನೆಗೆ, ಒಬ್ಬಳೇ ಉಣ್ಣಬೇಕೆಂಬ ರೂಢಿ ಎಲ್ಲಿಂದ ಬಂತು? ಪಾತ್ರೆಗಳನ್ನು ನಡುವೆ ಇಡಿ. ಎಲ್ಲರೂ ಬಡಿಸಿಕೊಳ್ಳಲಿ. ಅವಳು ಬಂದು ಕುಳಿತ ಮೇಲೆಯೇ ಬಿಸ್ಮಿ ಹೇಳಿ.

ದಿನಕ್ಕೊಂದು ಹೊತ್ತು ಆಗದಿದ್ದರೆ ಶುಕ್ರವಾರದ ಒಂದು ರಾತ್ರಿಯಿಂದಲಾದರೂ ಪ್ರಾರಂಭಿಸಿ. ಇಶಾ ನಮಾಝಿನ ಬಳಿಕ ಮೊಬೈಲುಗಳನ್ನು ಬದಿಗಿಟ್ಟು ಒಂದೇ ಚಾಪೆಯಲ್ಲಿ ಕುಳಿತುಕೊಳ್ಳಿ. ತಂದೆ ಗಲ್ಫ್‌ನಲ್ಲಿದ್ದರೆ ಒಂದೇ ಒಂದು ಮೊಬೈಲು ತೆರೆದಿರಲಿ, ಅವರ ಮುಖವೂ ಆ ವೃತ್ತದಲ್ಲಿರಲಿ.

ನಮ್ಮನ್ನೂ ನಮ್ಮ ಮನೆಮಂದಿಯನ್ನೂ ನರಕಾಗ್ನಿಯಿಂದ ರಕ್ಷಿಸಬೇಕಾದ ಹೊಣೆ ನಮ್ಮ ಮೇಲಿದೆ (66:6). ಆ ರಕ್ಷಣೆಯ ಕೆಲಸವನ್ನು ಇಂದಿನ ರಾತ್ರಿಯ ಊಟದಿಂದಲೇ ಆರಂಭಿಸಬಹುದು. ಅಲ್ಲಾಹನು ನಮ್ಮ ಅನ್ನದಲ್ಲೂ ಮಾತಿನಲ್ಲೂ ಬರಕತ್ ಅನುಗ್ರಹಿಸಲಿ, ಆಮೀನ್.