ಪೈಲ್ವಾನನ ತಾಲೀಮು, ಭಕ್ತನ ತಾಲೀಮು

ಬೆಟ್ಟ ಹತ್ತಿ ಬಂದ ಪ್ರಿಯ ಭಕ್ತರೇ, ಬೆಳಗಾವಿ, ಖಾನಾಪುರ ಭಾಗದ ಕುಸ್ತಿ ತಾಲೀಮುಗಳಲ್ಲಿ ಹುಡುಗನಿಗೆ ಮೊದಲು ಕಲಿಸುವುದು ಡಾವು ಅಲ್ಲ. ಕೆಂಪು ಮಣ್ಣಿಗೆ ನಮಸ್ಕಾರ, ದಂಡ, ಬೈಠಕ್. ಆಮೇಲೆ ಬೀಳುವುದು, ಬಿದ್ದು ಏಳುವುದು. ಎದುರಾಳಿಯನ್ನು ಚಿತ್ ಮಾಡುವ ಮಾತು ಎಷ್ಟೋ ದಿನದ ಮೇಲೆ.

ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಭಕ್ತನ ಹೋರಾಟಕ್ಕೆ ಬಳಸಿದ ಗ್ರೀಕ್ ಪದದ ಅರ್ಥ ಕುಸ್ತಿ ಎಂದೇ. ಆದರೆ ಈ ಕುಸ್ತಿ ಮನುಷ್ಯನ ಜೊತೆ ಅಲ್ಲ, ಕೇಡಿನ ಜೊತೆ. ಕುಡಿದು ಬಂದು ಮನೆಯಾಕೆಯ ಮೇಲೆ ಕೈ ಎತ್ತುವವನು ಸಾವಿರ ದಂಡ ಹೊಡೆದರೇನು ಬಂತು? ಅಲ್ಲಿಯ ಆಯುಧ ಎಣಿಸಿ ನೋಡ್ರಿ: ನಡುಕಟ್ಟು, ಎದೆಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಐದೂ ಮೈ ಕಾಯುವಂಥವು. ಕತ್ತಿ ಒಂದೇ, ಅದೂ ದೇವರ ವಾಕ್ಯ. ಗೆತ್ಸೆಮನಿ ತೋಟದಲ್ಲಿ ಪೇತ್ರನು ನಿಜವಾದ ಕತ್ತಿಯನ್ನೇ ಹಿರಿದು ಪ್ರಧಾನಯಾಜಕನ ಆಳಿನ ಕಿವಿ ಕತ್ತರಿಸಿದ. ಪ್ರಭು ಆ ಕಿವಿಯನ್ನು ಮುಟ್ಟಿ ವಾಸಿಮಾಡಿದರು. ಸ್ವಲ್ಪ ಮುಂಚೆ, ಎಚ್ಚರವಾಗಿರಿ ಎಂದಾಗ ಇದೇ ಪೇತ್ರ ನಿದ್ದೆ ಹೋಗಿದ್ದ!

ಕತ್ತಿವರಸೆಯಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಏನು ಕಡಿಮೆ ಇತ್ತು? ಆಯುಧ ಕೆಳಗಿಟ್ಟು ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ನಂಬಿದವರೇ ಹಿಡಿದುಕೊಟ್ಟರೆಂದು ಈ ಕಡೆಯ ಜನ ಇಂದಿಗೂ ಹೇಳುತ್ತಾರೆ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಾಯಿತು.

ಶೋಧನೆಯೂ ಹಾಗೇ. ಪೂಜೆಯಲ್ಲಿ ನಿಂತಾಗ ಬರುವುದಿಲ್ಲ. ಬೆಟ್ಟ ಇಳಿದು ಬಸ್ಸಿನ ಸೀಟಿಗೆ ತಳ್ಳಾಟ ಶುರುವಾದಾಗ ಬರ್ತದೆ, ಮನೆ ಮುಟ್ಟಿ ಚಪ್ಪಲಿ ಬಿಟ್ಟಾಗ ಬರ್ತದೆ.