ಯಾರು ಎಷ್ಟು ಸರಿಯಬೇಕು?

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ಈಗ ಕನ್ನಡದ್ದೇ ಆಗಿಹೋಗಿದೆ. ಇಬ್ಬರ ಸೀಟಿಗೆ ಮೂರನೆಯವರು ಬಂದಾಗ, ನಲ್ಲಿ ಬಾರದ ದಿನ ಪಕ್ಕದ ಮನೆಯವರು ಎರಡು ಕೊಡ ನೀರು ಕೇಳಿದಾಗ, ಮದುವೆ ಮನೆಯಲ್ಲಿ ಹಾಸಿಗೆ ಸಾಲದೆ ಹೋದಾಗ ಅದನ್ನು ಹೇಳುತ್ತೇವೆ, ಹೇಳಿಸಿಕೊಳ್ಳುತ್ತೇವೆ. ಅದರಲ್ಲೊಂದು ಸೊಗಸೂ ಇದೆ. ಎಲ್ಲರೂ ಎರಡೆರಡು ಬೆರಳು ಸರಿದರೆ ಇನ್ನೊಬ್ಬರಿಗೆ ಜಾಗವಾಗುತ್ತದೆ. ಆದರೆ ಅದೇ ಮಾತು ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಸರಿಯುವವರು ಎಲ್ಲರೂ ಆಗಿರುವುದಿಲ್ಲ, ಒಬ್ಬರೇ ಆಗಿರುತ್ತಾರೆ. ಎಷ್ಟು ಸರಿಯಬೇಕೆಂದು ಯಾರೂ ಅಳೆದಿರುವುದಿಲ್ಲ.

ಈ ಅಳತೆಯ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಅಮೆರಿಕದ ಮಿಷಿಗನ್ನಿನಲ್ಲಿ, ಒಂದು ಹಳೆಯ ಟ್ರಕ್ಕಿನ ಪಕ್ಕದಲ್ಲಿ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಅಲ್ಲಿದ್ದೆ. ನಮ್ಮ ಅಳಿಯನಿಗೆ ಹಳೆಯ ಗಾಡಿಗಳ ಹುಚ್ಚು. 1970ರ ಷೆವರ್ಲೆ ಸಿ-10 ಪಿಕಪ್ ಟ್ರಕ್ಕೊಂದನ್ನು ಮನೆಗಂಟಿದ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದಾರೆ. ಅದರ ಸವೆದ ಆರು ಸಿಲಿಂಡರಿನ ಎಂಜಿನ್ ತೆಗೆದು, ಗುಜರಿಯಿಂದ ತಂದ 2004ರ ಸಿಲ್ವರಾಡೊ ಟ್ರಕ್ಕಿನ 5.3 ಲೀಟರಿನ ವಿ-8 ಎಂಜಿನ್ ಕೂರಿಸುವ ಕೆಲಸ ನಡೆದಿತ್ತು. ಈ ಎಂಜಿನ್ನಿನ ವಂಶ 1997ರ ಕಾರ್ವೆಟ್ ಕಾರಿನಿಂದ ಶುರುವಾದದ್ದು. ಗಟ್ಟಿಮುಟ್ಟು, ಸುಲಭವಾಗಿ ಸಿಗುತ್ತದೆ ಎಂದು ಅಲ್ಲಿನ ಹವ್ಯಾಸಿಗಳು ಹಳೆಯ ಗಾಡಿಗಳಿಗೆ ಇದನ್ನೇ ಹುಡುಕಿ ಹಾಕುತ್ತಾರೆ.

ತೊಡಕಾದದ್ದು ಎಂಜಿನ್ನಿನ ತಳದಲ್ಲಿರುವ ಎಣ್ಣೆ ತೊಟ್ಟಿಯಿಂದ. ನಮ್ಮ ಗ್ಯಾರೇಜಿನವರು ‘ಚೇಂಬರ್’ ಎನ್ನುವುದು ಇದನ್ನೇ. ಹಳ್ಳಿ ರಸ್ತೆಯ ಕಲ್ಲು ಬಡಿದು ಚೇಂಬರ್ ಒಡೆದು, ಎಣ್ಣೆ ಸೋರಿ, ನಡುದಾರಿಯಲ್ಲಿ ಕಾರು ನಿಂತ ಅನುಭವ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಹೊಸ ಎಂಜಿನ್ನಿನ ತೊಟ್ಟಿ ಆಳವಾದದ್ದು, ಸುಮಾರು 5.7 ಲೀಟರ್ ಎಣ್ಣೆಯ ಲೆಕ್ಕದ್ದು. ಟ್ರಕ್ಕನ್ನು ಹಿಂದಿನ ಮಾಲೀಕರು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ್ದರು. ಹೀಗಾಗಿ ತೊಟ್ಟಿಯ ಮುಂಭಾಗ ಮುಂದಿನ ಅಡ್ಡತೊಲೆಗೆ ತಾಗುತ್ತಿತ್ತು, ಹಿಂಭಾಗ ಅದಕ್ಕಿಂತ ಕೆಳಗೆ ಜೋತುಬೀಳುತ್ತಿತ್ತು.

ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನೋಡುತ್ತಿದ್ದ ನಾನು ಕೇಳಿದೆ: ‘ಆ ತೊಲೆಯನ್ನೇ ಸ್ವಲ್ಪ ಕೊರೆದುಬಿಟ್ಟರೆ ಆಗೋಲ್ಲವೇ?’

‘ಮುಂದಿನ ಚಕ್ರಗಳ ಭಾರವೆಲ್ಲ ಅದರ ಮೇಲೇ ಇದೆ ಅತ್ತೆ. ಇವತ್ತು ಕೊರೆದರೆ ಗಾಡಿ ಓಡುತ್ತೆ. ಎಷ್ಟು ದಿನ ಅಂತ ಹೇಳೋಕಾಗಲ್ಲ.’

‘ಎಂಜಿನ್ನನ್ನೇ ಒಂದಿಷ್ಟು ಎತ್ತಿ ಕೂರಿಸಿದರೆ?’

‘ಅದರ ಹಿಂದಿರೋ ಗೇರ್‌ಬಾಕ್ಸೂ ಏಳುತ್ತೆ. ಚಕ್ರಕ್ಕೆ ಹೋಗೋ ಶಾಫ್ಟಿನ ಕೋನ ಕೆಡುತ್ತೆ.’

‘ಹಾಗಾದರೆ ತೊಟ್ಟಿಯನ್ನೇ ಕತ್ತರಿಸಿ.’

‘ಕತ್ತರಿಸಬಹುದು. ಆದರೆ ಒಳಗಿನ ಎಣ್ಣೆ ಹೀರೋ ಕೊಳವೆಯನ್ನೂ ಅಷ್ಟೇ ಗಿಡ್ಡ ಮಾಡಬೇಕು. ಎಣ್ಣೆಯೂ ಕಡಿಮೆ ಹಿಡಿಯುತ್ತೆ.’

ಕೊನೆಗೆ ಇಂಥ ಬದಲಾವಣೆಗೆಂದೇ ತಯಾರಿಸಿದ ಆಳ ಕಡಿಮೆಯ ತೊಟ್ಟಿಯೊಂದನ್ನು, ಅದಕ್ಕೊಪ್ಪುವ ಕೊಳವೆಯ ಸಮೇತ ತರಿಸಿದರು. ಅಷ್ಟಕ್ಕೂ ಮುಗಿಯಲಿಲ್ಲ. ಕೊಳವೆಯ ಬಾಯಿಗೂ ತೊಟ್ಟಿಯ ತಳಕ್ಕೂ ನಡುವೆ ಆರರಿಂದ ಒಂಬತ್ತು ಮಿಲಿಮೀಟರ್ ಅಂತರವಿರಬೇಕು. ತೀರ ಹತ್ತಿರವಾದರೆ ಎಣ್ಣೆ ಏರದು. ದೂರವಾದರೆ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದಾಗ ಕೊಳವೆ ಗಾಳಿ ಹೀರುತ್ತದೆ. ಮಕ್ಕಳು ಆಡುವ ಮೆದು ಜೇಡಿಯನ್ನು ಕೊಳವೆಯ ಬಾಯಿಗೆ ಮೆತ್ತಿ, ತೊಟ್ಟಿಯನ್ನು ಒತ್ತಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಜೇಡಿಯ ದಪ್ಪವನ್ನು ಅಳೆದರು. ಕೊಳವೆಯ ಸಂದಿಗೆ ಬೆರಳಿನ ಉಂಗುರದಷ್ಟು ಒಂದು ರಬ್ಬರ್ ಬಳೆ. ಅದು ಹಳತಾಗಿದ್ದರೆ ಎಂಜಿನ್ನೇ ಹಾಳು ಎಂದು ಹೊಸದನ್ನು ಹಾಕಿದರು. ಮೂರು ವಾರ ಹಿಡಿಯಿತು.

ಅದೇ ಮೂರು ವಾರ ಮನೆಯೊಳಗೆ ಇನ್ನೊಂದು ಜೋಡಣೆಯ ಮಾತು ನಡೆದಿತ್ತು. ಅಮೆರಿಕದ 1993ರ ಕಾನೂನು ಹೆರಿಗೆಗೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದ ರಜೆ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳದ ರಜೆಯಿದೆ. ಅದು ಸಿಗುವುದು ಕಾನೂನಿನ ವ್ಯಾಪ್ತಿಯಲ್ಲಿ ಕೆಲಸದಲ್ಲಿರುವವರಿಗೆ ಮಾತ್ರ, ಆ ಮಾತು ಬೇರೆ. ಮಗಳ ರಜೆ ಮುಗಿಯುತ್ತ ಬಂದಿತ್ತು. ಊರಿನಿಂದ ಫೋನ್ ಬರುತ್ತಿತ್ತು: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮಾ. ಎರಡು ವರ್ಷ ಕೆಲಸ ಬಿಟ್ಟರೆ ಏನಾಗುತ್ತೆ?’ ಹೇಳುತ್ತಿದ್ದವರು ಕೆಟ್ಟವರಲ್ಲ. ಅವರೂ ಹಾಗೆಯೇ ಮಾಡಿದವರು. ಆದರೆ ‘ಏನಾಗುತ್ತೆ’ ಎಂಬುದಕ್ಕೆ ಯಾರೂ ಉತ್ತರ ಕಾಯುತ್ತಿರಲಿಲ್ಲ. ಅವಳ ಕೆಲಸದ ಮೇಲೆ ಯಾವ ಭಾರ ನಿಂತಿದೆ, ಅವಳನ್ನು ಗಿಡ್ಡ ಮಾಡಿದರೆ ಇನ್ನೇನೇನು ಗಿಡ್ಡವಾಗುತ್ತದೆ, ಒಳಗೆ ಹಿಡಿಯುತ್ತಿದ್ದುದರಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ನಾನು ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಅಳಿಯನಿಗೆ ಹೇಳಿದೆ: ‘ಆ ತೊಟ್ಟಿಗೆ ಕೇಳಿದ ಪ್ರಶ್ನೆಗಳನ್ನ ಒಂದು ಸಲ ಇವಳಿಗೂ ಕೇಳಿ ನೋಡಿ.’ ಅವರು ತುಂಬ ಹೊತ್ತು ಮಾತಾಡಲಿಲ್ಲ. ಮಾರನೆಯ ದಿನ ಇಬ್ಬರೂ ಕಾಗದ ಪೆನ್ನು ಹಿಡಿದು ಕೂತರು.

‘ನಮ್ಮ ತಾಯಂದಿರು ಯಾವ ಅಳತೆಯೂ ಇಲ್ಲದೆ ಹೊಂದಿಕೊಂಡರಲ್ಲ, ಮನೆ ನಡೆಯಲಿಲ್ಲವೇ?’ ಎಂದು ನೀವು ಕೇಳಬಹುದು. ನಡೆಯಿತು, ನಿಜ. ಎಣ್ಣೆ ಕಡಿಮೆಯಾದ ಕೂಡಲೇ ಎಂಜಿನ್ನೂ ನಿಲ್ಲುವುದಿಲ್ಲ. ಓಡುತ್ತಲೇ ಇರುತ್ತದೆ, ಒಳಗೊಳಗೇ ಸವೆಯುತ್ತದೆ. ನನ್ನ ತಾಯಿಗೆ ಹಾರ್ಮೋನಿಯಂ ಬರುತ್ತಿತ್ತೆಂದು ನನಗೆ ತಿಳಿದದ್ದು ಆಕೆ ತೀರಿಕೊಂಡ ಮೇಲೆ, ಸೋದರಮಾವನ ಬಾಯಿಂದ.

ಹೆಣ್ಣನ್ನು ಕಬ್ಬಿಣದ ಸಾಮಾನಿಗೆ ಹೋಲಿಸುತ್ತೀರಾ ಎಂದು ಯಾರಾದರೂ ಆಕ್ಷೇಪಿಸಿದರೆ ಅದೂ ಸರಿಯೇ. ತೊಟ್ಟಿಗೆ ಬಾಯಿಲ್ಲ, ಅದರ ಪರವಾಗಿ ಬೇರೆಯವರು ಅಳೆಯಬೇಕು. ಮನುಷ್ಯರಿಗೆ ಬಾಯಿದೆ, ಅವರನ್ನೇ ಕೇಳಬೇಕು. ಕೇಳಿದ ಮೇಲೆ ಒಬ್ಬಳು ತಾನಾಗಿ ಹೆಚ್ಚು ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಕೇಳದೆ ಪಡೆದುಕೊಂಡದ್ದನ್ನು ನಾವು ದೊಡ್ಡತನವೆಂದು ಹೊಗಳಬಾರದು. ಹೊಗಳಿಕೆಯಿಂದ ಸಾಲ ತೀರುವುದಿಲ್ಲ.

ಮಗಳು ಒಂದು ವರ್ಷದ ಮಟ್ಟಿಗೆ ವಾರಕ್ಕೆ ಮೂರು ದಿನ ಕೆಲಸ ಮಾಡುವುದೆಂದಾಯಿತು. ಉಳಿದ ಹೊತ್ತಿಗೆ ಅಳಿಯ ತಮ್ಮ ಕಚೇರಿಯ ವೇಳೆ ಬದಲಿಸಿಕೊಂಡರು. ಸಂಜೆಯ ಟ್ರಕ್ಕಿನ ಕೆಲಸ ಭಾನುವಾರಕ್ಕೆ ಸೀಮಿತವಾಯಿತು. ಮಗಳಿಗೆ ನಷ್ಟವಿಲ್ಲ ಎಂದಲ್ಲ. ಸಂಬಳ ಇಳಿಯಿತು, ಸಿಗಬೇಕಾಗಿದ್ದ ಬಡ್ತಿ ಮುಂದೆ ಹೋಯಿತು. ಆದರೆ ಎಷ್ಟು ಹೋಯಿತೆಂದು ಮನೆಯ ಇಬ್ಬರಿಗೂ ಗೊತ್ತಿದೆ. ವರ್ಷ ಕಳೆದ ಮೇಲೆ ಮತ್ತೆ ಕೂತು ನೋಡುವುದೆಂದು ಆ ಕಾಗದದ ಕೊನೆಯಲ್ಲಿ ಅವಳೇ ಬರೆದಿದ್ದಾಳೆ.